ರೋಶನ್ ಮ್ಯಾನ್ಶನ್ನಿನ ಹಿಂದಿನ ಮೆಟ್ಟಿಲು

ಎಪ್ಪತ್ತನಾಲ್ಕರ ಮಳೆಗಾಲದಲ್ಲಿ ಮಲ್ಲಕ್ಕ ಮೊದಲನೆಯ ಮಾಳಿಗೆಯಿಂದ ಬಿದ್ದಳು. ಮೊದಲು ಕಬ್ಬಿಣದ ಮೆಟ್ಟಿಲು ಕಳಚಿತು, ಆಮೇಲೆ ಕಸದ ಡಬ್ಬಿ, ಆಮೇಲೆ ಅವಳು. ಸೊಂಟ ಮುರಿಯಿತು. ಡಬ್ಬಿಗೆ ಏನೂ ಆಗಲಿಲ್ಲ.

ಗ್ರಾಂಟ್ ರೋಡಿನ ರೋಶನ್ ಮ್ಯಾನ್ಶನ್ ಇಂಗ್ಲಿಷರ ಕಾಲದ್ದು. ಮುಂದೆ ಇಟಲಿಯ ಮಾರ್ಬಲ್ ಮೆಟ್ಟಿಲು, ತೇಗದ ಕಟಾಂಜನ, ಬಾಗಿಲ ಮೇಲೆ ಕಲ್ಲಿನ ಸಿಂಹ. ಹಿಂದೆ ಸುರುಳಿ ಸುತ್ತಿದ ಕಬ್ಬಿಣದ ಮೆಟ್ಟಿಲು. ಹೆಸರಿಗೆ ರೋಶನ್, ಹಿಂದುಗಡೆ ಒಂದು ಬಲ್ಬೂ ಇರಲಿಲ್ಲ. ಜನ ಎಲ್ಲಿಂದ ಹತ್ತಬೇಕು, ಕಸ ಎಲ್ಲಿಂದ ಇಳಿಯಬೇಕು ಎಂಬುದು ಕಟ್ಟಿಸಿದವನಿಗೆ ಚೆನ್ನಾಗಿ ತಿಳಿದಿತ್ತು. ಗುಡಿಸುವ ಹೆಂಗಸರನ್ನು ಅವನು ಕಸಕ್ಕೆ ಸೇರಿಸಿದ್ದ. ಅವರು ಕಸ ಇಳಿಸಿದ ಮೇಲೆ ಮತ್ತೆ ಹಿಂದಿನಿಂದಲೇ ಮೇಲೆ ಹೋಗಿ, ಮಾರ್ಬಲ್ ಮೆಟ್ಟಿಲನ್ನು ಒರೆಸುತ್ತ ಮುಂದಿನಿಂದ ಇಳಿಯಬೇಕು. ಇಳಿಯಲು ಅಡ್ಡಿಯಿಲ್ಲ. ಹತ್ತುವಂತಿಲ್ಲ.

ಮುನಿಸಿಪಾಲ್ಟಿಯವರು ಬಂದು ನೋಡಿ, ರಿಪೇರಿ ಆಗಬೇಕು ಎಂದರು. ಮಾಲೀಕ ಶೇಠ್ ಕೂಡಲೇ ಮಾಡಿಸಿದ. ಸಿಂಹಕ್ಕೆ ಹೊಸ ಮೂಗು ಬಂತು. ಹಿಂದಿನ ಮೆಟ್ಟಿಲಿಗೆ ಬೋರ್ಡು ಬಂತು: 'ಅಪಾಯ. ನಿವಾಸಿಗಳು ಬಳಸಬಾರದು.' ನಿವಾಸಿಗಳು ಅದನ್ನು ಎಂದೂ ಬಳಸಿದವರಲ್ಲ. ಬೋರ್ಡನ್ನು ತಪ್ಪದೆ ಪಾಲಿಸಿದರು.

ಶೇಠನ ಮ್ಯಾನೇಜರ್ ಸತ್ಯಮೂರ್ತಿ ಮೈಸೂರಿನವರು. ಮಲ್ಲಕ್ಕನ ತಂಗಿ ಸುಂದ್ರವ್ವನನ್ನು ಕರೆದರು.

"ಮುರಿದ ಕಡೆ ಹಗ್ಗ ಕಟ್ಟಿಸಿದೀನಮ್ಮ. ಹುಷಾರಾಗಿ ಹತ್ತಿ."

"ನೀವೊಮ್ಮೆ ಹತ್ತಿ ತೋರಸ್ರಿ ಸಾಹೇಬ್ರ."

"ಬೋರ್ಡ್ ನೋಡ್ಲಿಲ್ವಾ? ನಾವು ಹತ್ತೋ ಹಾಗಿಲ್ಲ."

"ಮತ್ತ ನಾವು?"

"ಬೋರ್ಡಲ್ಲಿ ನಿಮ್ಮ ಸುದ್ದಿ ಇಲ್ವಲ್ಲ."

ಸುಂದ್ರವ್ವ ತನ್ನ ಜೊತೆ ಗುಡಿಸುವ ಚನ್ನವ್ವ, ನೀಲಾಬಾಯಿಯರ ಮುಖ ನೋಡಿದಳು. ಮೂವರೂ ಕಚ್ಚೆ ಬಿಗಿದುಕೊಂಡು, ಖಾಲಿ ಬುಟ್ಟಿ ಹೊತ್ತು ಮುಂಬಾಗಿಲಿಗೆ ನಡೆದರು.

"ಎಲ್ಲಿಗೆ? ಶೇಠ್ ನನ್ನ ಕೆಲಸ ತೆಗೀತಾರೆ ಕಣಮ್ಮ."

"ತಗದ್ರ ನಮ್ಮ ಕಡೆ ಬರ್ರಿ. ಮಲ್ಲಕ್ಕನ ಜಾಗ ಖಾಲಿ ಐತಿ."

"ನಿಮ್ಮನ್ನೂ ತೆಗೆದು ಬೇರೆಯವರನ್ನ ಕರೆಸ್ತಾರೆ."

"ಕರಸ್ಲಿ," ಎಂದಳು ಚನ್ನವ್ವ. "ಬಂದೋರಿಗೆ ಮೊದಲ ಆಕಿ ಸೊಂಟ ತೋರಸ್ತೀವಿ."

"ಮಾರ್ಬಲ್ ಮೇಲೆ ಹೆಜ್ಜೆ ಮೂಡುತ್ತೆ!"

"ಮೂಡ್ಲಿ ಬಿಡ್ರಿ," ಎಂದಳು ಸುಂದ್ರವ್ವ. "ಒರಸಾಕಿ ನಾನ."

ನಾಲ್ಕನೆಯ ಮಾಳಿಗೆಯಲ್ಲಿ ಸುಂದ್ರವ್ವ ಬೆಲ್ ಒತ್ತಿದಳು. ವಕೀಲರ ಹೆಂಡತಿ ಶಾಮಲಾ ಬೆಂಗಳೂರಿನವರು. ಮುಂಬಾಗಿಲಿಗೆ ಬರುವವರೆಲ್ಲ ನೆಂಟರು ಎಂಬ ರೂಢಿ. ಕೂದಲು ಸರಿಮಾಡಿಕೊಳ್ಳುತ್ತ ಬಾಗಿಲು ತೆಗೆದು, "ಬನ್ನಿ, ಕೂತ್ಕೊಳಿ," ಎಂದರು. ಆಮೇಲೆ ನೋಡಿದರು.

"ಕುಂದರಾಕ ಪುರಸೊತ್ತಿಲ್ರಿ ಬಾಯಾರ. ಕಸದ ಡಬ್ಬಿ ತರ್ರಿ."

ಡಬ್ಬಿ ಹಿಂಬಾಗಿಲಲ್ಲಿತ್ತು. ಕೆಳಗಿನ ಮಾಳಿಗೆಗಳಲ್ಲಿ ಚನ್ನವ್ವ, ನೀಲಾಬಾಯಿಯರೂ ಬೆಲ್ ಒತ್ತುತ್ತಿದ್ದರು. ಶಾಮಲಾ ಹಿಂಬಾಗಿಲ ಕಡೆ ತಿರುಗಿ ನೋಡಿದರು. ಸುಂದ್ರವ್ವ ಖಾಲಿ ಬುಟ್ಟಿಯನ್ನು ಹೊಸ್ತಿಲ ಮುಂದೆ ಇಳಿಸಿದಳು. ಕೊನೆಗೆ ಅವರು ಒಳಗೆ ಹೋಗಿ, ತಮ್ಮ ಮನೆಯ ಕಸವನ್ನು ತಾವೇ ಹಿಡಿದುಕೊಂಡು ಸೋಫಾಗಳ ನಡುವೆ ನಡೆದು ಬಂದರು.