ವೆಂಕಟರತ್ನಮ್ಮನಿಗೆ ಬಡಿದ ಗಾಳಿ

ನಮ್ಮ ಬಂಗಾರಪೇಟೆ ಕಡೆಯ ಊರುಗಳಲ್ಲಿ ಯಾರಿಗಾದರೂ ಎದೆ ಡವಡವ ಎಂದರೆ ಸಾಕು, ಹತ್ತು ಜನ ಹತ್ತು ಕಾಯಿಲೆಯ ಹೆಸರು ಹೇಳುತ್ತಾರೆ. ಹನ್ನೊಂದನೆಯವರು ಬಂದು 'ಗಾಳಿ' ಎನ್ನುತ್ತಾರೆ. ಆಗ ಆ ಹತ್ತು ಜನರೂ ಹೌದೆಂದು ತಲೆಯಾಡಿಸುತ್ತಾರೆ. ಅರವತ್ತನಾಲ್ಕನೇ ಇಸವಿಯಲ್ಲಿ ವೆಂಕಟರತ್ನಮ್ಮನಿಗೆ ಆದದ್ದೂ ಇದೇ. ಆದರೆ ಅವಳಿಗೆ ಬಡಿದ ಗಾಳಿ ಹುಣಸೆಮರದಿಂದ ಬಂದದ್ದಲ್ಲ, ಇಂಗ್ಲಿಷಿನಿಂದ ಬಂದದ್ದು.

ವೆಂಕಟರತ್ನಮ್ಮ ಗಟ್ಟಿ ಹೆಂಗಸು. ಮೊಸರಿನ ಮಡಕೆ ಹೊತ್ತು ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತುತ್ತಿದ್ದಳು. ಚಾಂಪಿಯನ್ ರೀಫ್ಸಿನ ಚಿನ್ನದ ಗಣಿ ಕೆಲಸಗಾರರ ಸಾಲು ಸಾಲು ಲೈನು ಮನೆಗಳಲ್ಲಿ ಮೊಸರು ಮಾರಿ ಬರುತ್ತಿದ್ದಳು. ಮಗಳು ಮಂಗಮ್ಮನನ್ನು ಕೊಟ್ಟದ್ದೂ ಅಲ್ಲಿಗೇ. ಅಳಿಯ ಚಲಪತಿ ಗಣಿಯಲ್ಲಿ ಕೆಲಸಕ್ಕಿದ್ದ. ಒಂದು ದಿನ ಅವಳು ಮಗಳ ಮನೆಯಲ್ಲಿ ಕೂತಿದ್ದಾಗ ನೆಲ ಗುಡುಗಿತು. ಗೂಡಿನಲ್ಲಿದ್ದ ಪಾತ್ರೆಗಳು ಉರುಳಿ ಬಿದ್ದವು. ಯಾರಿಗೂ ಏನೂ ಆಗಲಿಲ್ಲ. ಭೂಮಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆ ಅಲುಗುವುದು ಗಣಿಯವರಿಗೆ ಹೊಸದಲ್ಲ. ಅದಕ್ಕೆ ಅವರು 'ಏರ್ ಬ್ಲಾಸ್ಟ್' ಎನ್ನುತ್ತಾರೆ, ಪಾತ್ರೆ ಎತ್ತಿಟ್ಟು ತಮ್ಮ ಕೆಲಸ ನೋಡಿಕೊಳ್ಳುತ್ತಾರೆ.

ವೆಂಕಟರತ್ನಮ್ಮನಿಗೆ ಅದು ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ವಾರ ರೈಲು ಕೋರಮಂಡಲ್ ಸ್ಟೇಷನ್ ಬಿಡುವಾಗ ಗಡಗಡ ಎಂದಿತು. ಅಷ್ಟಕ್ಕೇ ಅವಳ ಎದೆ ಹೊಡೆದುಕೊಳ್ಳತೊಡಗಿತು. ಬೆವರು ಕಿತ್ತುಕೊಂಡು ಬಂತು, ಕೈ ಜೋಮು ಹಿಡಿಯಿತು, ಉಸಿರು ಸಾಲದಾಯಿತು. ಸತ್ತೇ ಹೋದೆ ಎಂದುಕೊಂಡಳು. ಮುಂದಿನ ಸ್ಟೇಷನ್ನಿನಲ್ಲಿ ಮಡಕೆಯನ್ನೂ ಬಿಟ್ಟು ಇಳಿದು, ನಡೆದೇ ಊರು ಸೇರಿದಳು. ಅಂದಿನಿಂದ ರೈಲು ಬಿಟ್ಟಳು. ಆಮೇಲೆ ಬಸ್ಸು ಬಿಟ್ಟಳು, ಸಂತೆ ಬಿಟ್ಟಳು. ಕೊನೆಗೆ ಹೊಲಕ್ಕೆ ಹೋಗಲೂ ಜೊತೆಗೊಬ್ಬರು ಬೇಕಾಯಿತು.

ಅಳಿಯ ಚಲಪತಿ ನೋಡಲು ಬಂದ. ವೆಂಕಟರತ್ನಮ್ಮನ ಅತ್ತೆ ಚಿಕ್ಕಮುನಿಯಮ್ಮ ಜಗಲಿಯ ಮೇಲಿದ್ದಳು.

"ಅತ್ತೆಗೆ ಅವತ್ತಿನ ಏರ್ ಬ್ಲಾಸ್ಟೇ ಬಡಿದಿರೋದು ಅಜ್ಜಿ" ಎಂದ.

"ಅಂಗಂದ್ರೇನಪ್ಪ?"

ಚಲಪತಿ ಪಾಪ ಕನ್ನಡದಲ್ಲಿ ಪದ ಹುಡುಕಿದ. "ಏರ್ ಅಂದ್ರೆ ಗಾಳಿ. ಗಾಳಿ ಒಡೆತ ಅನ್ಕೊಳ್ಳಿ."

"ಗಾಳಿ ಅಂತ ನಾನು ಅವತ್ತೇ ಏಳ್ಲಿಲ್ವಾ!" ಎಂದು ಚಿಕ್ಕಮುನಿಯಮ್ಮ ಎದ್ದು ನಿಂತಳು. ಅವತ್ತು ಅವಳು ಏನೂ ಹೇಳಿರಲಿಲ್ಲ.

ಸಂಜೆಯೊಳಗೆ ಮಂತ್ರವಾದಿ ಬಂದ. ಬೇವಿನ ಸೊಪ್ಪಿನಲ್ಲಿ ಹೊಡೆದ. ಮಂತ್ರಿಸಿದ ನಿಂಬೆಹಣ್ಣೊಂದನ್ನು ಸೆರಗಿಗೆ ಕಟ್ಟಿಸಿ, "ಇದನ್ನ ಬಿಟ್ಟು ಒಸ್ಲು ದಾಟಬ್ಯಾಡ" ಎಂದ. ಹಣ್ಣು ಒಣಗಿದಾಗಲೆಲ್ಲ ಹೊಸದು ಬರುತ್ತಿತ್ತು. ಹೆದರಿಕೆ ಮಾತ್ರ ಹಳೆಯದೇ ಇತ್ತು.

ಅಷ್ಟರಲ್ಲಿ ಮಂಗಮ್ಮ ಬಸುರಿಯಾದಳು. ಚೊಚ್ಚಲು. ಪದ್ಧತಿಯಂತೆ ತವರಿಗೆ ಬರಬೇಕು. ಆದರೆ ಅವಳ ಕಾಲು ಊದಿಕೊಂಡಿತ್ತು. ಪ್ರಯಾಣ ಬೇಡ, ಆಸ್ಪತ್ರೆಗೆ ಹತ್ತಿರದಲ್ಲೇ ಇರಲಿ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಮಂಗಮ್ಮ ಗಂಡನ ಕೈಲಿ ಹೇಳಿ ಕಳಿಸಿದಳು: "ಎರಿಗೆ ಒತ್ಗೆ ಅಮ್ಮ ಬರ್ಲೇಬೇಕು. ನಂಗೆ ಭಯ ಆಯ್ತದೆ." ಅದನ್ನು ಕೇಳಿ ವೆಂಕಟರತ್ನಮ್ಮ ಗೋಡೆಗೆ ಮುಖ ಮಾಡಿ ಅತ್ತಳು. ಮಗಳ ಹೆರಿಗೆಗೆ ಹೋಗಲಾರದ ತಾಯಿ ಇದ್ದೇನು, ಇಲ್ಲದಿದ್ದರೇನು ಅನ್ನಿಸಿತು ಅವಳಿಗೆ.

ಆ ತಿಂಗಳು ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕಲು ನರ್ಸ್ ಅಶ್ವತ್ಥಮ್ಮ ಊರಿಗೆ ಬಂದರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿ ತರಬೇತಿ ಪಡೆದವರು. ವೆಂಕಟರತ್ನಮ್ಮನ ಕಥೆಯನ್ನು ಅವಸರ ಮಾಡದೆ ಕೇಳಿದರು. ಮೊದಲು ಡಾಕ್ಟರಿಗೆ ಎದೆ ತೋರಿಸಿ ಬನ್ನಿ ಎಂದರು. ಗಂಡ, ಅತ್ತೆ, ನಿಂಬೆಹಣ್ಣು ಈ ಮೂವರ ಕಾವಲಿನಲ್ಲಿ ವೆಂಕಟರತ್ನಮ್ಮ ಎತ್ತಿನಗಾಡಿಯಲ್ಲಿ ಬಂಗಾರಪೇಟೆಗೆ ಹೋಗಿಬಂದಳು. ಡಾಕ್ಟರು ನೋಡಿ ಎದೆಯಲ್ಲಿ ದೋಷವಿಲ್ಲ ಎಂದರು.

"ಇದು ಹೆದರಿಕೆ ಕಾಯಿಲೆ" ಎಂದರು ಅಶ್ವತ್ಥಮ್ಮ.

ಚಿಕ್ಕಮುನಿಯಮ್ಮ ರೇಗಿದಳು. "ಅಂಗಾದ್ರೆ ನನ್ ಸೊಸೆ ನಾಟ್ಕ ಆಡ್ತವ್ಳಾ?"

"ನಾಟಕ ಅಲ್ಲ ಅಜ್ಜಿ. ಬೆವರೋದು ನಿಜ, ಎದೆ ಹೊಡ್ಕೊಳ್ಳೋದೂ ನಿಜ. ಒಂದ್ಸಲ ಕಳ್ಳನ್ನ ಕಂಡ ನಾಯಿ ಆಮೇಲೆ ಎಲೆ ಬಿದ್ರೂ ಬೊಗಳುತ್ತಲ್ಲ, ಹಂಗೆ ಇದು. ನಾಯಿದು ತಪ್ಪಲ್ಲ. ಆದ್ರೆ ಅಲ್ಲಿ ಕಳ್ಳ ಇಲ್ಲ."

"ಔಷ್ದಿ ಏನು?"

"ರೈಲೇ ಔಷಧಿ."

ಚಿಕ್ಕಮುನಿಯಮ್ಮ ಚಪ್ಪಾಳೆ ತಟ್ಟಿದಳು. "ಕೇಳುದ್ರಾ! ಎದರಿದೋರ ಮ್ಯಾಲೆ ಆವು ಎಸೆದಂಗಾಯ್ತು! ಬೆಂಗ್ಳೂರು ಉಚ್ಚಾಸ್ಪತ್ರೇಲಿ ನಿಂಗೆ ಕಲ್ಸಿದ್ದು ಇದೇನಾ ತಾಯಿ?"

ಅಶ್ವತ್ಥಮ್ಮ ನಕ್ಕರು. "ಹಾವು ಎಸೆಯಲ್ಲ ಅಜ್ಜಿ, ದೂರದಿಂದ ತೋರಿಸ್ತೀವಿ. ಮೊದಲು ಸ್ಟೇಷನ್ನಲ್ಲಿ ಸುಮ್ನೆ ಕೂರೋದು. ಅದು ಸಲೀಸಾದ ಮೇಲೆ ನಿಂತ ರೈಲಲ್ಲಿ ಕೂರೋದು. ಆಮೇಲೆ ಒಂದು ಸ್ಟೇಷನ್ ಹೋಗಿ ಬರೋದು. ಎದೆ ಹೊಡ್ಕೊಂಡ್ರೆ ಎದ್ದು ಓಡಬಾರದು. ಏರಿದ್ದು ಇಳಿದೇ ಇಳಿಯುತ್ತೆ, ಕಾಯ್ಬೇಕು. ಓಡಿಹೋದ್ರೆ, ಓಡಿದ್ದಕ್ಕೇ ಬದುಕಿದೆ ಅಂತ ಮನಸ್ಸು ನಂಬ್ಕೊಂಡುಬಿಡುತ್ತೆ."

"ಮಂತ್ರವಾದೀನೂ ವಾಸಿ ಮಾಡ್ತೀನಿ ಅಂತಾನೆ, ನೀನೂ ಅಂತೀಯ. ನಾನು ಯಾರ್ನ ನಂಬ್ಲಿ?"

"ಹೊಸ ಗೊಬ್ಬರ ಬಂದ್ರೆ ನೀವೇನ್ ಮಾಡ್ತೀರಿ ಅಜ್ಜಿ?"

"ಒಂದು ಮಡಿಗೆ ಆಕ್ತೀವಿ, ಪಕ್ಕದ್ದಕ್ಕೆ ಆಕಲ್ಲ. ಯಾವುದು ಚೆನ್ನಾಗಿ ಬತ್ತದೆ ಅಂತ ನೋಡ್ತೀವಿ."

"ಡಾಕ್ಟರುಗಳು ಮಾಡ್ತಿರೋ ಸಂಶೋಧನೇನೂ ಅದೇ. ಇಂಥ ಹೆದರಿಕೆ ಇರೋರಲ್ಲಿ ಕೆಲವರಿಗೆ ಈ ಅಭ್ಯಾಸ ಮಾಡಿಸ್ತಾರೆ, ಕೆಲವರಿಗೆ ಬೇರೆ ಚಿಕಿತ್ಸೆ ಕೊಡ್ತಾರೆ. ಯಾರು ಎಷ್ಟು ಸುಧಾರಿಸಿದ್ರು ಅಂತ ಹೋಲಿಸಿ ನೋಡ್ತಾರೆ. ವಾಸಿ ಆಗದೆ ಇದ್ದೋರನ್ನೂ ಲೆಕ್ಕಕ್ಕೆ ಹಿಡೀತಾರೆ. ನಿಮ್ಮ ಮಂತ್ರವಾದಿ ಹಿಡೀತಾನಾ?"

ಚಿಕ್ಕಮುನಿಯಮ್ಮ ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು.

"ಎಲ್ರಿಗೂ ವಾಸಿ ಆಯ್ತದಾ ನರ್ಸಮ್ಮ?" ವೆಂಕಟರತ್ನಮ್ಮ ಕೇಳಿದಳು.

"ಎಲ್ಲರಿಗೂ ಅಂತ ನಾನು ಹೇಳಲ್ಲ. ಬಹಳ ಜನಕ್ಕೆ ಗುಣ ಕಂಡಿದೆ. ಪೂರ್ತಿ ಹೋಗದಿದ್ರೂ, ಅದನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಪ್ರಯಾಣ ಮಾಡಬಹುದು."

"ಮಗಳ್ತಾವ ಓಗೋ ಅಷ್ಟು ಆದ್ರೆ ಸಾಕು ನಂಗೆ."

ಮೊದಲ ದಿನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಂಜಿನ್ ಕೂಗಿದ್ದೇ ತಡ, ವೆಂಕಟರತ್ನಮ್ಮ ಗೇಟಿನ ಹೊರಗಿದ್ದಳು. ಅಶ್ವತ್ಥಮ್ಮ ಬಯ್ಯಲಿಲ್ಲ. ಮತ್ತೆ ಕರೆತಂದರು. ಕ್ರಮೇಣ ಅವಳು ಬೆಂಚಿನ ಮೇಲೆ ಕೂತಳು. ಎದೆಬಡಿತ ಏರಿತು, ಏರಿ ಇಳಿಯಿತು. ಇಳಿದದ್ದನ್ನು ಕಂಡು ಅವಳಿಗೇ ಆಶ್ಚರ್ಯವಾಯಿತು. ನಿಂತ ರೈಲೂ ಹಾಗೇ ಅಭ್ಯಾಸವಾಯಿತು.

ಒಂದು ದಿನ ಅಶ್ವತ್ಥಮ್ಮ ಅವಳ ಸೆರಗಿನ ಗಂಟು ನೋಡಿ ಕೇಳಿದರು, "ಇವತ್ತು ರೈಲಲ್ಲಿ ಕೂತಿದ್ದು ನೀವಾ, ನಿಂಬೆಹಣ್ಣಾ?"

ಮಾರನೆಯ ದಿನ ಹಣ್ಣು ಮನೆಯಲ್ಲೇ ಉಳಿಯಿತು. ಆ ದಿನ ಎದೆ ಎಂದಿಗಿಂತ ಜೋರಾಗಿ ಹೊಡೆದುಕೊಂಡಿತು. ಆದರೂ ಅವಳು ಕೋರಮಂಡಲ್‌ವರೆಗೆ ಹೋಗಿ ಬಂದಳು. ಅದರಾಚೆಗೆ ಇನ್ನೂ ಹೋಗಿರಲಿಲ್ಲ.

ಅಷ್ಟರಲ್ಲೇ ಸುದ್ದಿ ಬಂತು, ಮಂಗಮ್ಮನಿಗೆ ನೋವು ಶುರುವಾಗಿದೆ ಎಂದು. ಅಶ್ವತ್ಥಮ್ಮ ಬೇರೆ ಊರಿಗೆ ಹೋಗಿದ್ದರು. ಚಿಕ್ಕಮುನಿಯಮ್ಮ ನಿಂಬೆಹಣ್ಣು ಹಿಡಿದು ಓಡಿಬಂದಳು. "ಇವತ್ತಾದ್ರೂ ಕಟ್ಕೋ."

"ಬ್ಯಾಡ ಅತ್ತೆ."

"ಅಂಗಾದ್ರೆ ನಾನೇ ಇಟ್ಕೋತೀನಿ. ನಾನೂ ಬತ್ತೀನಿ ನಡಿ."

ಕೋರಮಂಡಲ್ ದಾಟಿದಾಗ ವೆಂಕಟರತ್ನಮ್ಮನ ಅಂಗೈ ಬೆವರಿತು. ಸೀಟಿನ ಹಲಗೆಯನ್ನು ಹಿಡಿದುಕೊಂಡು ಕೂತಳು. ಚಾಂಪಿಯನ್ ಸ್ಟೇಷನ್ ಬಂದಾಗ ಎಲ್ಲರಂತೆ ಇಳಿದಳು. ಲೈನು ಮನೆಯಲ್ಲಿ ಮಂಗಮ್ಮ ಚಾಪೆಯ ಮೇಲೆ ಹಲ್ಲು ಕಚ್ಚಿ ಮಲಗಿದ್ದಳು. ಚಲಪತಿ ಆಸ್ಪತ್ರೆಯ ಗಾಡಿ ತರಲು ಹೋಗಿದ್ದ. ತಾಯಿಯನ್ನು ಕಂಡು ಮಂಗಮ್ಮ ಅಳತೊಡಗಿದಳು. ವೆಂಕಟರತ್ನಮ್ಮ ಅವಳ ಕೈ ಹಿಡಿದಳು.

ಆಗ ನೆಲ ಗುಡುಗಿತು.

ಗೂಡಿನ ಪಾತ್ರೆಗಳು ಉರುಳಿದವು. ಚಿಕ್ಕಮುನಿಯಮ್ಮ "ಅಯ್ಯೋ ದ್ಯಾವ್ರೇ!" ಎಂದು ಬೀದಿಗೆ ಓಡಿದಳು.

"ಅಮ್ಮ, ಓಗ್ಬ್ಯಾಡ" ಎಂದಳು ಮಂಗಮ್ಮ.

ವೆಂಕಟರತ್ನಮ್ಮನ ಕಾಲು ಓಡು ಎನ್ನುತ್ತಿತ್ತು. ಎದೆ ಹೊಡೆದುಕೊಳ್ಳತೊಡಗಿತು. ಸ್ಟೇಷನ್ನಿನ ಬೆಂಚು ನೆನಪಾಯಿತು. ಹೊಡ್ಕೊಳ್ಳಲಿ ಎಂದು ಎದೆಯನ್ನು ಅದರ ಪಾಡಿಗೆ ಬಿಟ್ಟಳು. ಮಗಳ ಕೈ ಬಿಡಲಿಲ್ಲ.

"ಇಲ್ಲೇ ಇದ್ದೀನಿ ಕಣಮ್ಮ. ಎಲ್ಲಿಗೂ ಓಗಲ್ಲ."

ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಮುನಿಯಮ್ಮ ಬಾಗಿಲಲ್ಲಿ ಇಣುಕಿದಳು. ಮುಖ ಬಿಳಿಚಿಕೊಂಡಿತ್ತು. ಓಡುವಾಗ ನಿಂಬೆಹಣ್ಣು ಅವಳ ಕಾಲಡಿಗೇ ಸಿಕ್ಕಿ ಅಪ್ಪಚ್ಚಿಯಾಗಿತ್ತು. "ರತ್ನಮ್ಮ, ನನ್ ಎದೆ ಡವಡವ ಅಂತದಲ್ಲೇ! ಗಾಳಿ ಏನಾನ ಬಡೀತಾ…"

"ಗಾಳಿ ಅಲ್ಲ ಅತ್ತೆ. ಇಲ್ಲಿ ಬಂದು ಕೂತ್ಕಳಿ. ಅದಾಗೇ ಇಳೀತದೆ."

ಚಿಕ್ಕಮುನಿಯಮ್ಮ ಕೂತಳು. ಇಳಿಯಿತು.

ಮಂಗಮ್ಮನಿಗೆ ಆಸ್ಪತ್ರೆಯಲ್ಲಿ ಹೆಣ್ಣು ಮಗುವಾಯಿತು, ಇಬ್ಬರೂ ಕ್ಷೇಮ. ಊರಿಗೆ ಮರಳಿದ ಚಿಕ್ಕಮುನಿಯಮ್ಮ ಮಂತ್ರವಾದಿಯನ್ನು ಮತ್ತೆ ಕರೆಯಲಿಲ್ಲ. ಈಗ ಯಾರಿಗಾದರೂ ಎದೆ ಹೊಡೆದುಕೊಂಡರೆ, "ಮೊದ್ಲು ಡಾಕ್ಟ್ರು, ಆಮೇಲೆ ನಮ್ಮ ನರ್ಸಮ್ಮ" ಎಂದು ದಾರಿ ತೋರಿಸುವವಳು ಅವಳೇ.

ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಒಬ್ಬರು ರೈಲು ಬಿಟ್ಟಿರಬಹುದು, ಸಂತೆ ಬಿಟ್ಟಿರಬಹುದು. ಅವರನ್ನು ಪುಕ್ಕಲರೆಂದು ನಗಬೇಡಿ, ಬೇವಿನ ಸೊಪ್ಪಿನಲ್ಲಿ ಹೊಡೆಸಬೇಡಿ. ಮೊದಲು ಡಾಕ್ಟರಿಗೆ ತೋರಿಸಿ. ಎದೆಯಲ್ಲಿ ದೋಷವಿಲ್ಲ ಎಂದರೆ, ಹೆದರಿಕೆಗೂ ಚಿಕಿತ್ಸೆ ಇದೆ ಎಂದು ಹೇಳಿ, ಬಲ್ಲವರ ಬಳಿಗೆ ಕರೆದೊಯ್ಯಿರಿ. ಮಾನಸಿಕ ಆಸ್ಪತ್ರೆಯ ಮೆಟ್ಟಿಲು ಹತ್ತಿದವರೆಲ್ಲ ಹುಚ್ಚರಲ್ಲ. ಮೊದಲ ದಿನ ಅವರ ಪಕ್ಕದಲ್ಲಿ ಬೆಂಚಿನ ಮೇಲೆ ನೀವೂ ಕೂತುಕೊಳ್ಳಿ. ನಿಂಬೆಹಣ್ಣು ಚಿತ್ರಾನ್ನಕ್ಕೆ ಇರಲಿ.