ಪುಟದ ಸುತ್ತ ಬೂದು ಗೆರೆ

ಇನ್ನೊಂದು ಪುಸ್ತಕ ಹೀಗೆ ಬಂದರೆ ಬೇರೆ ಕೆಲಸ ನೋಡ್ಕೋ ಅಂತ ಯಜಮಾನ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದ. ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಕೆಲಸ ಅವಳದು. ಈಚಿನ ಪುಸ್ತಕಗಳಲ್ಲಿ ಅಕ್ಷರಗಳೆಲ್ಲ ಹೊರ ಅಂಚಿಗೆ ಹೋಗಿ ಒರಗಿದ್ದವು. ಕಣ್ಣಲ್ಲಿ ಕಣ್ಣಿಟ್ಟು ಜೋಡಿಸಿದ ಪುಟ ತಾನಾಗಿ ಹಾಗಾಗುತ್ತದೆಯೇ? ಯಾರೋ ಬೇಕಂತಲೇ ಕೈಯಾಡಿಸುತ್ತಿದ್ದಾರೆ.

ಯಾರೋ ಏನು ಬಂತು, ಪಕ್ಕದ ಮೇಜಿನವನೇ. ಸದಾ ಪಿಸುಮಾತು, ಅದಕ್ಕೇ ಅವನಿಗೆ ಪಿಸುಗುಟ್ಟಪ್ಪ ಅಂತಲೇ ಹೆಸರು. ಅವಳು ಊಟಕ್ಕೆದ್ದರೆ ಸಾಕು, ಮೆಲ್ಲಗೆ ಅವಳ ಕಂಪ್ಯೂಟರಿನ ಮುಂದೆ ಹೋಗಿ ಕೂರುತ್ತಿದ್ದ. ಕೇಳಿದರೆ, "ಫಾಂಟ್ ನೋಡ್ತಿದ್ದೆ ಅಕ್ಕಾ." ಅಕ್ಕನಂತೆ, ಅಕ್ಕ! ಅವಳ ಕುರ್ಚಿಯ ಮೇಲೇ ಇವನಿಗೆ ಕಣ್ಣು.

ಅವತ್ತು ಊಟ ಮುಗಿಸಿ ಬಂದವಳೇ ಫೈಲಿನ ಮೊದಲಿಗೆ ಒಂದು ಸಾಲು ಸೇರಿಸಿದಳು. ಆ ಸಾಲು ಕರೆಯುವುದು ಒಂದು ಪ್ಯಾಕೇಜನ್ನು, ಪುಟ ಜೋಡಿಸುವ ತಂತ್ರಾಂಶದ ಜೊತೆ ಬರುವ ಪುಟ್ಟ ಸಲಕರಣೆ. ಕರೆದರೆ ಪ್ರತಿ ಪುಟಕ್ಕೂ ತೆಳು ಬೂದು ಗೆರೆ ಎಳೆದು ತೋರಿಸುತ್ತದೆ: ಅಕ್ಷರ ಕೂರುವ ಚೌಕ ಇದು, ತಲೆಬರಹದ ಜಾಗ ಇದು, ಸುತ್ತ ಬಿಟ್ಟ ಖಾಲಿ ಇಷ್ಟು ಅಂತ. ಮನೆ ಕಟ್ಟುವ ಮುಂಚೆ ನೆಲಕ್ಕೆ ಸುಣ್ಣದ ಗೆರೆ ಹಾಕಿದ ಹಾಗೆ.

ನೋಡಿದರೆ ಇಡೀ ಚೌಕವೇ ಜಾಗ ಬಿಟ್ಟು ಸರಿದಿದೆ. ಅವಳು ಇಟ್ಟ ಅಳತೆ ಅದಲ್ಲ. ಪಕ್ಕದ ಮೇಜಿಗೆ ತಿರುಗಿದಳು.

"ಇದು ನಿನ್ನದೇ ಕೈವಾಡ ತಾನೆ?"

"ಹೌದಕ್ಕಾ," ಅಂದ ಅವನು, ತಲೆ ತಗ್ಗಿಸಿ. "ಆದರೆ ಯಾವ ಕಡೆಗೆ ಸರಿಸಿದ್ದೀನಿ ನೋಡಿ."

ಪುಸ್ತಕದ ಹೊಲಿಗೆ ಬರುವ ಕಡೆಗೆ, ಒಳಕ್ಕೆ. ಪುಸ್ತಕದಲ್ಲಿ ಕೆಟ್ಟಿದ್ದು ಹೊರ ಅಂಚು.

"ಅಕ್ಷರ ಅಂಚಿಗೆ ಬೀಳದೆ ಇರಲಿ ಅಂತ ಸರಿಸಿದೆ. ಅಷ್ಟು ಮಾಡಿದರೂ ಸಾಲಲಿಲ್ಲ. ಬರೀ ಗೆರೆ ಇರೋ ಹಾಳೆ ಅಚ್ಚು ಹಾಕಿ, ಕಟಿಂಗಿಗೆ ಕೊಡಿ. ನನ್ನ ಬಾಯಿಂದ ಹೇಳಿಸಬೇಡಿ."

ಅಚ್ಚಾದ ಹಾಳೆಗಳ ಅಂಚು ಕತ್ತರಿಸುವ ಕಟಿಂಗ್ ಯಂತ್ರ ನಡೆಸುವವನು ಅವಳ ಚಿಕ್ಕಪ್ಪ. ಈ ಕೆಲಸ ಕೊಡಿಸಿದವನೂ ಅವನೇ, ಪಿಸುಗುಟ್ಟಪ್ಪನಿಗೆ ಕಾಗದ ಮಡಿಸುವುದರಿಂದ ಹಿಡಿದು ಎಲ್ಲ ಕಲಿಸಿದವನೂ ಅವನೇ. ಛೆ, ಚಿಕ್ಕಪ್ಪನ ಮೇಲೆ ಅನುಮಾನವೇ? ಅಂದುಕೊಳ್ಳುತ್ತಲೇ ಹಾಳೆಗಳ ಕಟ್ಟು ಹಿಡಿದು ಅವನ ಕೋಣೆಗೆ ಹೋದಳು. ಸುಳ್ಳಾದರೆ ಸಾಕಪ್ಪಾ ಅನ್ನಿಸಿತು.

ಚಿಕ್ಕಪ್ಪ ಕಟ್ಟನ್ನು ತಟ್ಟಿ ಸರಿಮಾಡಿ ಯಂತ್ರಕ್ಕೆ ಕೊಟ್ಟ. ಬ್ಲೇಡು ಇಳಿಯಿತು. ಮೇಲಿನ ಹಾಳೆ ಎತ್ತಿ ನೋಡಿದಳು. ಹೊರ ಅಂಚು ಓರೆಯಾಗಿ ಕತ್ತರಿಸಿತ್ತು: ಪುಟದ ತಲೆಯ ಕಡೆ ಗೆರೆಗೂ ಅಂಚಿಗೂ ಬೆರಳಗಲ ಜಾಗ, ಕಾಲಿನ ಕಡೆ ಬ್ಲೇಡು ಗೆರೆಯನ್ನೇ ನುಂಗಿತ್ತು. ಯಜಮಾನನ ಮುಂದೆ ಈ ಒಂದು ಹಾಳೆ ಇಟ್ಟರೆ ಅವಳ ಕೆಲಸ ಉಳಿಯುತ್ತದೆ. ಚಿಕ್ಕಪ್ಪನದು ಹೋಗುತ್ತದೆ. ಅವಳು ಹಾಳೆಯನ್ನು ಮಡಿಚಿ ಸೆರಗಿನೊಳಗೆ ಇಟ್ಟುಕೊಳ್ಳಲು ಹೊರಟಳು. ಈ ಪಾಪ ತನಗೆ ಬೇಡ, ಹೋದರೆ ತನ್ನ ಕೆಲಸವೇ ಹೋಗಲಿ.

"ಅಲ್ಲಮ್ಮಾ," ಅಂದ ಚಿಕ್ಕಪ್ಪ, ಕಟ್ಟಿನ ಮೇಲೆ ಕಣ್ಣಾಡಿಸುತ್ತ, "ಖಾಲಿ ಹಾಳೆ ಯಾಕೆ ಕತ್ತರಿಸೋಕೆ ಕೊಟ್ಟೆ?"

ಆ ಬೂದು ಗೆರೆ ಅವನಿಗೆ ಕಂಡೇ ಇರಲಿಲ್ಲ. ಅಷ್ಟು ಹೇಳಿ, ಅಂಚು ಎಲ್ಲಿದೆ ಅಂತ ಬೆರಳಲ್ಲೇ ತಡಕುತ್ತ, ಮುಂದಿನ ಕಟ್ಟನ್ನು ಬ್ಲೇಡಿನ ಕೆಳಗೆ ತಳ್ಳತೊಡಗಿದ.

ಅವಳು ಓಡಿಹೋಗಿ ಯಂತ್ರ ಆರಿಸಿದಳು. ಅವನ ಎರಡೂ ಕೈ ಹಿಡಿದುಕೊಂಡಳು, ಹತ್ತು ಬೆರಳೂ ಇದ್ದವು.

"ಬಾ ಚಿಕ್ಕಪ್ಪ," ಅಂದಳು. "ಯಜಮಾನನ ಹತ್ತಿರ ಇಬ್ಬರೂ ಹೋಗೋಣ."