ಗೊರಸು ಊರದ ನೆಲ

"ನಾನು ಹೇಳೋದ್ರಲ್ಲಿ ಒಂದು ಮಾತು ಸುಳ್ಳಿದ್ರೂ ನನ್ನ ನಾಲಿಗೇನ ಆಡು ಮೇಯ್ಲಿ, ಸ್ವಾಮಿ."

"ನಿನ್ನ ನಾಲಿಗೆ ಮೇದ ಆಡು ಬದುಕುತ್ತೇನೋ, ಬೋಳಿಮಗನೆ?" ಎಂದ ಸಾಹುಕಾರ. ಮೇಜಿನಾಚೆ ಕೂತಿದ್ದ ಅಧಿಕಾರಿ ಹೊಟ್ಟೆ ಕುಲುಕಿಸಿ ನಕ್ಕ.

ಬುರುಡೆಯೂ ನಕ್ಕ. ಕುರಿ ಕಾಯುವ ಅವನನ್ನು ಹೆಂಡತಿಯೂ ಸೇರಿ ಎಲ್ಲರೂ ಕರೆಯುತ್ತಿದ್ದದ್ದು ಹಾಗೆಯೇ. ಹೊಳೆದಂಡೆಯ ಹುಲ್ಲಿನಲ್ಲಿ ಕಳೆದುಹೋದ ಟಗರೊಂದು ತಾತನಾಗಿ ಹೊರಬಂತು ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವನು ಅವನು. ಇವತ್ತು ಕಚೇರಿಯ ಬಾಗಿಲವರೆಗೂ ಜೊತೆಗೆ ಬಂದ ಹೆಂಡತಿ ಗದರಿದ್ದಳು: "ಇದೊಂದಿನ ನೆಟ್ಟಗೆ ಮಾತಾಡು. ಬೇಸಿಗೆಗೆ ಆ ಹೊಳೆದಂಡೆ ಹುಲ್ಲೊಂದೇ ಮೇವು. ಅದೂ ಹೋದ್ರೆ ಕುರಿಗಳನ್ನ ಕಟುಕನ ಮನೆಗೆ ಹೊಡ್ಕೊಂಡು ಹೋಗೋದೇ."

ನೆಟ್ಟಗೆ ಮಾತಾಡುವುದು ಅವನಿಗೆ ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು.

ಕುರಿಗಾಹಿಗಳು ಹುಲ್ಲುಗಾವಲನ್ನು ಪಾಲು ಮಾಡಿಕೊಂಡಿದ್ದರು. ಒಂದು ಪಾಲು ಮೇಯಿಸುವಾಗ ಇನ್ನೊಂದಕ್ಕೆ ಬಿಡುವು. ಈ ಸಲದ ಬಿಡುವು ಹೊಳೆದಂಡೆಗೆ. ಬೀಜ ಉದುರುವವರೆಗೂ ಅಲ್ಲಿ ಒಂದು ಗೊರಸೂ ಊರಬಾರದು. ಎಷ್ಟು ಶಿಸ್ತಾಗಿ ಕಾದರೆಂದರೆ, ಜೀಪಿನಲ್ಲಿ ಬಂದ ಅಧಿಕಾರಿಗೆ ಅಲ್ಲೊಂದು ಹಿಕ್ಕೆಯೂ ಕಾಣಲಿಲ್ಲ. ಯಾರೂ ಬಳಸದ ನೆಲವೆಂದು ಸಾಹುಕಾರನಿಗೆ ಕೊಟ್ಟುಬಿಟ್ಟ. ಮಾರನೆಯ ದಿನವೇ ತಂತಿಬೇಲಿ ಎದ್ದಿತು. ಒಳಗೆ ಸಾಹುಕಾರನ ಎಮ್ಮೆಗಳು.

"ಬೇಕಾಗಿದ್ರೆ ಮೇಯಿಸ್ತಿದ್ರಿ," ಎಂದ ಅಧಿಕಾರಿ. "ಮೇಯಿಸಿಲ್ಲ ಅಂದ್ರೆ ಬೇಡ ಅಂತ ತಾನೆ?"

"ಬೇಕಾಗಿರೋದಕ್ಕೇ ಮೇಯಿಸ್ಲಿಲ್ಲ, ಸ್ವಾಮಿ."

"ನೋಡಿದ್ರಾ ಸಾರ್, ಬುರುಡೆ ಅಂತ ಸುಮ್ನೆ ಕರೆಯಲ್ಲ ಇವನ್ನ," ಎಂದ ಸಾಹುಕಾರ. "ಹುಲ್ಲು ಬೇಕೇನೋ? ಕೂಲಿಗೆ ಬಾ. ಕೊಯ್ದು ನನ್ನ ಎಮ್ಮೆಗೆ ಹಾಕು. ಉದುರಿದ್ದನ್ನ ನಿನ್ನ ಹೆಂಡ್ತಿ ಗುಡಿಸ್ಕೊಂಡು ಹೋಗ್ಲಿ."

"ನಿನ್ನ ಬಾಯಿಗೆ ಮಣ್ಣು ಹಾಕ," ಎಂದಳು ಹೆಂಡತಿ, ಹೊರಗಿನಿಂದಲೇ. ಜವಾನ ಅವಳ ತೋಳು ಹಿಡಿದು ದರದರ ಮೆಟ್ಟಿಲಿಳಿಸಿದ.

ಬುರುಡೆ ಆ ಕಡೆ ತಿರುಗಲಿಲ್ಲ. ತಿರುಗಿದರೆ ಮಾತು ತಪ್ಪಿಹೋದೀತೆಂದು ಮೇಜಿನ ಅಂಚು ಹಿಡಿದುಕೊಂಡ.

"ಎಮ್ಮೆ ಬುಡಮಟ್ಟ ಮೇದ್ರೆ ಬೀಜ ಬೀಳಲ್ಲ, ಸ್ವಾಮಿ. ಬೀಜ ಬೀಳದಿದ್ರೆ ಮುಂದಿನ ಮಳೆಗೆ ಅಲ್ಲೇನೂ ಏಳಲ್ಲ. ನಮ್ಮ ಕುರಿಗೂ ಇಲ್ಲ, ಇವರ ಎಮ್ಮೆಗೂ ಇಲ್ಲ. ನಮಗೆ ಕೊಡದಿದ್ರೂ ಹೋಗ್ಲಿ, ತೆನೆ ಒಣಗೋವರೆಗಾದ್ರೂ ಆ ಎಮ್ಮೆಗಳನ್ನ ಈಚೆಗೆ..."

ಅಧಿಕಾರಿ ಕುರ್ಚಿ ಹಿಂದಕ್ಕೆ ತಳ್ಳಿ, ಸಾಹುಕಾರನ ಹೆಗಲ ಮೇಲೆ ಕೈಹಾಕಿಕೊಂಡು ಊಟಕ್ಕೆ ಹೊರಟುಹೋದ. ಜವಾನ ಒಳಗೆ ಬಂದು ಫ್ಯಾನು ಆರಿಸಿ, ಬುರುಡೆಯ ತಲೆಯ ಮೇಲಿಂದ ಕೈಚಾಚಿ ಕಿಟಕಿ ಮುಚ್ಚಿದ.